ಮಾಧ್ಯಮ ಪಠ್ಯದ ವಿಶ್ಲೇಷಣೆ: ಪ್ರಕಾರ ಮೊದಲು, ಪ್ರತಿನಿಧೀಕರಣ ಆಮೇಲೆ

ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ವಿದ್ಯಾರ್ಥಿಗಳು ಬರೆಯುವ ಕಿರುಪ್ರಬಂಧಗಳಲ್ಲಿ ಒಂದೇ ಬಗೆಯ ಸೋಲು ಮತ್ತೆ ಮತ್ತೆ ಕಾಣುತ್ತದೆ. ಚಲನಚಿತ್ರವನ್ನೋ ಧಾರಾವಾಹಿಯನ್ನೋ ಸುದ್ದಿ ವರದಿಯನ್ನೋ ಆರಿಸಿಕೊಂಡು, ‘ಮಹಿಳೆಯ ಚಿತ್ರಣ’ ಅಥವಾ ‘ರೈತನ ಚಿತ್ರಣ’ ಎಂಬ ತಲೆಬರಹ ಕೊಟ್ಟು, ಮೊದಲ ಅಧ್ಯಾಯದಲ್ಲಿ ಸಿದ್ಧಾಂತಿಗಳನ್ನು ಸಾಲಾಗಿ ಪರಿಚಯಿಸಿ, ಎರಡನೆಯದರಲ್ಲಿ ಕಥೆ ಹೇಳಿ, ಕೊನೆಯ ಒಂದೆರಡು ಪುಟಗಳಲ್ಲಿ ‘ಇಲ್ಲಿ ಮಹಿಳೆಯನ್ನು ದುರ್ಬಲಳನ್ನಾಗಿ ತೋರಿಸಲಾಗಿದೆ’ ಎಂದು ತೀರ್ಪು ಬರೆದು ಮುಗಿಸುತ್ತಾರೆ. ಆ ತೀರ್ಪು ಸರಿಯೇ ಇರಬಹುದು. ಆದರೆ ಅದಕ್ಕೆ ಪಠ್ಯದೊಳಗಿನ, ಅಂದರೆ ಆರಿಸಿಕೊಂಡ ಆ ಚಿತ್ರ, ಧಾರಾವಾಹಿ ಅಥವಾ ವರದಿಯೊಳಗಿನ, ಆಧಾರವೇನು, ಅದು ಈ ಒಂದು ಧಾರಾವಾಹಿಯ ದೋಷವೋ ಅಥವಾ ಎಲ್ಲ ಕೌಟುಂಬಿಕ ಧಾರಾವಾಹಿಗಳೂ ಪಾಲಿಸುವ ರೂಢಿಯೋ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಉತ್ತರ ಹೊರಡುವುದಿಲ್ಲ.

ಈ ಸೋಲಿಗೆ ಓದಿನ ಕೊರತೆಗಿಂತ ಹಂತಗಳು ಹಿಂದುಮುಂದಾಗಿರುವುದೇ ದೊಡ್ಡ ಕಾರಣ. ಪ್ರತಿನಿಧೀಕರಣ, ಅಂದರೆ ಒಂದು ಸಮುದಾಯ, ಸ್ಥಳ ಅಥವಾ ಘಟನೆಯನ್ನು ಮಾಧ್ಯಮವು ಆಯ್ದು, ಕತ್ತರಿಸಿ, ಜೋಡಿಸಿ ನಮ್ಮ ಮುಂದಿಡುವ ಬಗೆ, ಎಲ್ಲರಿಗೂ ಆಕರ್ಷಕವಾದ ಪರಿಕಲ್ಪನೆ. ಹಾಗಾಗಿ ಎಲ್ಲರೂ ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಪ್ರಕಾರವನ್ನು, ಅಂದರೆ ಆ ಪಠ್ಯ ಯಾವ ಬಗೆಯದು, ಆ ಬಗೆಯ ರೂಢಿಗಳೇನು ಎಂಬುದನ್ನು, ಪೀಠಿಕೆಯ ಒಂದು ವಾಕ್ಯದಲ್ಲಿ ಹೇಳಿ ದಾಟಿಬಿಡುತ್ತಾರೆ. ಪ್ರಕಾರದ ಕೆಲಸ ಮುಗಿಯದೆ ಪ್ರತಿನಿಧೀಕರಣದ ಬಗ್ಗೆ ಬರೆದದ್ದು ನಿಲ್ಲುವುದಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಮತ್ತು ಕೆಳಗಿನ ಹಂತಗಳ ಕ್ರಮ ಅದರ ಮೇಲೆಯೇ ನಿಂತಿದೆ.

ಕೈಯಲ್ಲಿರಬೇಕಾದ ಸಾಮಗ್ರಿ

ಪಠ್ಯದ ಪ್ರತಿ ನಿಮ್ಮ ಬಳಿಯೇ ಇರಬೇಕು, ಮತ್ತು ಅದನ್ನು ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ತಂದು ನೋಡಲು ಆಗಬೇಕು. ನೆನಪಿನಿಂದ ಮಾಡಿದ ವಿಶ್ಲೇಷಣೆಯಲ್ಲಿ ನಾವು ಮೊದಲೇ ನಂಬಿದ್ದು ಮಾತ್ರ ಉಳಿದಿರುತ್ತದೆ. ಸುದ್ದಿವಾಹಿನಿಯ ಕಾರ್ಯಕ್ರಮವಾದರೆ ಪ್ರಸಾರದ ದಿನಾಂಕ ಮತ್ತು ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಪತ್ರಿಕೆಯಾದರೆ ಜಾಲತಾಣದಲ್ಲಿರುವ ಬಿಡಿ ವರದಿ ಸಾಲದು, ಮುದ್ರಿತ ಪುಟ ಅಥವಾ ಇ-ಪೇಪರ್‌ನ ಪೂರ್ತಿ ಪುಟ ಬೇಕು. ಏಕೆಂದರೆ ವರದಿ ಯಾವ ಪುಟದಲ್ಲಿ, ಎಷ್ಟು ಕಾಲಂ ಅಗಲದಲ್ಲಿ, ಯಾವ ಚಿತ್ರದ ಪಕ್ಕದಲ್ಲಿ, ಯಾವ ಜಾಹೀರಾತಿನ ಮೇಲೆ ಇತ್ತು ಎಂಬುದೆಲ್ಲ ಅರ್ಥದ ಭಾಗವೇ. ಕನ್ನಡದ ದೊಡ್ಡ ದಿನಪತ್ರಿಕೆಗಳು ಹಲವು ಊರುಗಳಿಂದ ಬೇರೆ ಬೇರೆ ಆವೃತ್ತಿಗಳನ್ನು ಮುದ್ರಿಸುವುದರಿಂದ ಆವೃತ್ತಿಯ ಹೆಸರನ್ನು ಬರೆದುಕೊಳ್ಳಲು ಮರೆಯಬಾರದು.

ಇವಲ್ಲದೆ ಅಗಲವಾದ ಪುಟಗಳ ಒಂದು ನೋಟ್‌ಬುಕ್ ಅಥವಾ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ, ಹಿನ್ನೆಲೆಯ ಸದ್ದನ್ನು ಬೇರ್ಪಡಿಸಿ ಕೇಳಲು ಒಂದು ಹೆಡ್‌ಫೋನ್, ಮತ್ತು ಹೋಲಿಕೆಗಾಗಿ ಅದೇ ಬಗೆಯ, ಅದೇ ಕಾಲದ ಇನ್ನೂ ನಾಲ್ಕೈದು ಪಠ್ಯಗಳು ಬೇಕು. ಈ ಕೊನೆಯದನ್ನು ಬಹುತೇಕರು ಅನಗತ್ಯವೆಂದು ಬಿಡುತ್ತಾರೆ. ನಾಲ್ಕನೆಯ ಹಂತಕ್ಕೆ ಬಂದಾಗ ಕೆಲಸ ನಿಂತುಹೋಗುವುದು ಇದರಿಂದಲೇ.

ಹಂತ 1: ಪಠ್ಯವನ್ನು ಅಳತೆಗೆ ತನ್ನಿ

‘ಕನ್ನಡ ಧಾರಾವಾಹಿಗಳಲ್ಲಿ ಮಹಿಳೆ’ ಎಂಬುದು ವಿಷಯವಲ್ಲ, ಅದೊಂದು ಇಡೀ ಕ್ಷೇತ್ರ. ಒಂದು ಧಾರಾವಾಹಿಯ ಮೊದಲ ವಾರದ ಸಂಚಿಕೆಗಳು ಒಂದು ವಿಷಯವಾಗಬಲ್ಲವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದಾಗ ಒಂದು ದಿನಪತ್ರಿಕೆಯ ಬೆಂಗಳೂರು ಆವೃತ್ತಿಯೂ ಹುಬ್ಬಳ್ಳಿ ಆವೃತ್ತಿಯೂ ಆ ವಾರ ಮುಖಪುಟದಲ್ಲಿ ಏನನ್ನು ಮುದ್ರಿಸಿದವು ಎಂಬುದು ಒಂದು ವಿಷಯವಾಗಬಲ್ಲದು.

ಪ್ರಶ್ನೆಯನ್ನು ‘ಹೇಗೆ’ ಎಂಬ ರೂಪದಲ್ಲಿ ಕಟ್ಟಿ. ‘ಸಂತ್ರಸ್ತರಿಗೆ ಅನ್ಯಾಯವಾಗಿದೆಯೇ’ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಸಂತ್ರಸ್ತರ ಮಾತನ್ನು ವರದಿಗಳು ಹೇಗೆ ಬಳಸಿಕೊಂಡಿವೆ’ ಎಂದು ಕೇಳಿದರೆ ಪಠ್ಯವನ್ನು ಬಿಚ್ಚಿ ನೋಡದೆ ಗತ್ಯಂತರವಿಲ್ಲ. ನಿಮ್ಮ ಪ್ರಶ್ನೆಗೆ ಪಠ್ಯವನ್ನು ನೋಡದೆಯೇ ಉತ್ತರ ಬರೆಯಲು ಸಾಧ್ಯವಾಗುತ್ತಿದೆ ಎಂದಾದರೆ ಪ್ರಶ್ನೆಯನ್ನು ಬದಲಿಸಿ.

ಹಂತ 2: ತೀರ್ಪಿಲ್ಲದ ದಾಖಲೆ ಸಿದ್ಧಪಡಿಸಿ

ಮೊದಲ ಸಲ ಪಠ್ಯವನ್ನು ಏನನ್ನೂ ಬರೆಯದೆ, ಸಾಮಾನ್ಯ ಪ್ರೇಕ್ಷಕರಂತೆ ನೋಡಿ. ಎರಡನೆಯ ಸಲ ದಾಖಲೆ ಆರಂಭಿಸಿ. ಕೋಷ್ಟಕದಲ್ಲಿ ಐದು ಕಾಲಂ ಸಾಕು: ವೇಳೆ (ನಿಮಿಷ ಮತ್ತು ಸೆಕೆಂಡ್), ಕಾಣುವುದು, ಕೇಳುವುದು, ಕ್ಯಾಮೆರಾ ಇರುವ ಜಾಗ ಮತ್ತು ದೂರ, ಪರದೆಯ ಮೇಲಿನ ಅಕ್ಷರಗಳು. ಚಿತ್ರಿಕೆ (ಶಾಟ್) ಬದಲಾದಾಗಲೆಲ್ಲ ಹೊಸ ಸಾಲು. ಹತ್ತು ನಿಮಿಷದ ಧಾರಾವಾಹಿ ಭಾಗಕ್ಕೇ ನೂರಕ್ಕೂ ಹೆಚ್ಚು ಸಾಲುಗಳಾಗಬಹುದು. ಬೇಸರದ ಕೆಲಸವಿದು ನಿಜ, ಆದರೆ ಮುಂದೆ ಬರೆಯುವ ಪ್ರತಿಯೊಂದು ವಾಕ್ಯಕ್ಕೂ ಸಾಕ್ಷಿ ಇಲ್ಲಿಂದಲೇ ಬರಬೇಕು.

ಈ ಹಂತದ ಒಂದೇ ನಿಯಮವೆಂದರೆ ಗುಣವಾಚಕಗಳನ್ನು ದೂರವಿಡುವುದು. ‘ಅತ್ತೆ ಕ್ರೂರವಾಗಿ ನೋಡುತ್ತಾಳೆ’ ಎಂದು ಬರೆದರೆ ನೀವು ಆಗಲೇ ವ್ಯಾಖ್ಯಾನ ಮಾಡಿಬಿಟ್ಟಿರಿ. ‘ಅತ್ತೆಯ ಮುಖದ ಕ್ಲೋಸಪ್, ಕ್ಯಾಮೆರಾ ಕೆಳಗಿನಿಂದ, ಹುಬ್ಬು ಗಂಟಿಕ್ಕಿದೆ, ಮೂರು ಸೆಕೆಂಡ್ ಮಾತಿಲ್ಲ, ಗುಡುಗಿನಂಥ ಹಿನ್ನೆಲೆ ಸದ್ದು’ ಎಂದು ಬರೆಯಿರಿ. ಆಗ ಕ್ರೌರ್ಯವೆಂಬ ಭಾವ ನಟಿಯ ಮುಖದಿಂದ ಎಷ್ಟು ಬಂತು, ಸದ್ದಿನಿಂದ ಎಷ್ಟು ಬಂತು ಎಂದು ಮುಂದಿನ ಹಂತದಲ್ಲಿ ಬೇರ್ಪಡಿಸಬಹುದು. ಒಮ್ಮೆ ಧ್ವನಿಯನ್ನು ಪೂರ್ತಿ ನಿಲ್ಲಿಸಿ ಚಿತ್ರವನ್ನಷ್ಟೇ, ಇನ್ನೊಮ್ಮೆ ಪರದೆಗೆ ಬೆನ್ನು ಹಾಕಿ ಸದ್ದನ್ನಷ್ಟೇ ದಾಖಲಿಸುವುದು ಒಳ್ಳೆಯ ಅಭ್ಯಾಸ.

ಸುದ್ದಿಯಲ್ಲಿ ಪರದೆಯ ಕೆಳಗಿನ ಪಟ್ಟಿಯನ್ನು ಅಕ್ಷರಶಃ ನಕಲು ಮಾಡಿಕೊಳ್ಳಿ. ಯಾರಿಗೆ ಹೆಸರು ಮತ್ತು ಹುದ್ದೆ ಎರಡೂ ಇವೆ, ಯಾರು ಬರೀ ‘ಸ್ಥಳೀಯರು’ ಅಥವಾ ‘ಸಂತ್ರಸ್ತ ಮಹಿಳೆ’ ಆಗಿದ್ದಾರೆ ಎಂಬುದು ಐದನೆಯ ಹಂತಕ್ಕೆ ಅಮೂಲ್ಯವಾದ ಮಾಹಿತಿ.

ಹಂತ 3: ವಾಚ್ಯಾರ್ಥದಿಂದ ಧ್ವನ್ಯರ್ಥಕ್ಕೆ ಸಾಗಿ

ದಾಖಲೆಯ ಸಾಲುಗಳಲ್ಲಿ ನಿಮ್ಮ ಪ್ರಶ್ನೆಗೆ ಸಂಬಂಧಿಸಿದವುಗಳನ್ನು ಗುರುತು ಮಾಡಿ, ಪ್ರತಿಯೊಂದರ ಮುಂದೆ ಎರಡು ಸಂಗತಿಗಳನ್ನು ಬರೆಯಿರಿ: ಅದು ನೇರವಾಗಿ ಏನನ್ನು ತೋರಿಸುತ್ತದೆ, ಮತ್ತು ನಮ್ಮ ಸಮಾಜದಲ್ಲಿ ಅದು ಏನನ್ನು ಧ್ವನಿಸುತ್ತದೆ. ಚಿಹ್ನೆಯನ್ನು ಸೂಚಕ (ಕಾಣುವ ಅಥವಾ ಕೇಳುವ ರೂಪ) ಮತ್ತು ಸೂಚಿತ (ಅದು ಮನಸ್ಸಿಗೆ ತರುವ ಅರ್ಥ) ಎಂದು ಒಡೆದು ನೋಡುವ ಕ್ರಮ 1916ರಲ್ಲಿ ಪ್ರಕಟವಾದ, ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್ ಅವರ ಭಾಷಾವಿಜ್ಞಾನದ ಉಪನ್ಯಾಸಗಳಿಂದ ಬಂದದ್ದು. ಅದನ್ನು ಜಾಹೀರಾತು, ಪತ್ರಿಕೆಯ ಚಿತ್ರ, ದಿನಬಳಕೆಯ ವಸ್ತುಗಳಿಗೆ ಹಚ್ಚಿ ತೋರಿಸಿದವರಲ್ಲಿ ಫ್ರೆಂಚ್ ವಿಮರ್ಶಕ ರೊಲಾ ಬಾರ್ತ್ ಪ್ರಮುಖರು. ಇಷ್ಟು ತಿಳಿದಿದ್ದರೆ ಸಾಕು, ಇವರ ಜೀವನ ಪರಿಚಯಕ್ಕೆ ಪುಟಗಳನ್ನು ಮೀಸಲಿಡುವ ಅಗತ್ಯವಿಲ್ಲ.

ಧ್ವನ್ಯರ್ಥ ಬರೆಯುವಾಗ ಕಲ್ಪನೆ ಹಾರಿಹೋಗುವ ಅಪಾಯವಿದೆ. ಹಸಿರು ಸೀರೆ ಕಂಡಲ್ಲೆಲ್ಲ ‘ಫಲವಂತಿಕೆ’, ಕೆಂಪು ಕಂಡಲ್ಲೆಲ್ಲ ‘ಕೋಪ’ ಎಂದು ಬರೆಯುವವರಿದ್ದಾರೆ. ಇದನ್ನು ತಡೆಯಲು ಬದಲಿ ಪರೀಕ್ಷೆಯನ್ನು ಬಳಸಿ. ಒಂದು ಅಂಶವನ್ನು ಮನಸ್ಸಿನಲ್ಲೇ ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು, ದೃಶ್ಯದ ಅರ್ಥ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ಸೊಸೆಯ ಸೀರೆ ಹಸಿರಿನ ಬದಲು ನೀಲಿಯಾಗಿದ್ದರೆ ಏನೂ ಬದಲಾಗದು ಎನಿಸಿದರೆ ಆ ಬಣ್ಣದ ಬಗ್ಗೆ ಬರೆಯಬೇಡಿ. ಸೀರೆಯ ಬದಲು ಜೀನ್ಸ್ ಇದ್ದು, ಅದರಿಂದ ಆ ಪಾತ್ರವೇ ಬೇರೆಯಾಗಿ ಕಾಣುವುದಾದರೆ, ಅಲ್ಲಿ ಉಡುಪು ಅರ್ಥವನ್ನು ಹೊತ್ತಿದೆ, ಬರೆಯಲು ಯೋಗ್ಯ. ಈ ಪರೀಕ್ಷೆಯಲ್ಲಿ ಉಳಿದ ಅಂಶಗಳನ್ನಷ್ಟೇ ಮುಂದಿನ ಹಂತಕ್ಕೆ ಒಯ್ಯಿರಿ.

ಹಂತ 4: ಪ್ರಕಾರವನ್ನು ಗೊತ್ತುಮಾಡಿಕೊಳ್ಳಿ

ಇದು ಇಡೀ ಕೆಲಸದ ತಿರುವು. ಪ್ರಕಾರವೆಂದರೆ ಪಠ್ಯದ ಮೇಲೆ ಅಂಟಿಸುವ ಹೆಸರುಚೀಟಿ ಎಂದು ಭಾವಿಸಿದವರು ‘ಇದು ಸಾಮಾಜಿಕ ಚಿತ್ರ’ ಎಂದು ಬರೆದು ಮುಂದೆ ಹೋಗುತ್ತಾರೆ. ನಿಜದಲ್ಲಿ ಪ್ರಕಾರವು ತಯಾರಕರು ಮತ್ತು ಪ್ರೇಕ್ಷಕರ ನಡುವಿನ ಒಂದು ಒಪ್ಪಂದ. ಏನು ನಡೆಯಬಹುದು, ಏನು ನಡೆಯಬಾರದು, ಯಾವ ಪಾತ್ರ ಎಷ್ಟು ದೂರ ಹೋಗಬಹುದು ಎಂಬ ನಿರೀಕ್ಷೆಗಳು ಅದರಲ್ಲಿ ಅಡಗಿವೆ.

ಮೊದಲು, ತಯಾರಕರೂ ಪ್ರೇಕ್ಷಕರೂ ಆ ಪಠ್ಯವನ್ನು ಏನೆಂದು ಕರೆಯುತ್ತಾರೆ ಎಂದು ನೋಡಿ. ಕನ್ನಡ ಚಿತ್ರರಂಗದಲ್ಲಿ ಬಹುಕಾಲ ಬಳಕೆಯಲ್ಲಿದ್ದ ವಿಂಗಡಣೆ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬುದು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರವೂ ಪೌರಾಣಿಕವೇ. ಹಾಲಿವುಡ್‌ನ ಪಟ್ಟಿಯನ್ನು ತಂದು ನಮ್ಮ ಚಿತ್ರಗಳ ಮೇಲೆ ಹೊದಿಸಿದರೆ ಅನಾಹುತವಾಗುತ್ತದೆ. ಹಾಡುಗಳಿವೆ ಎಂಬ ಕಾರಣಕ್ಕೆ ನಮ್ಮ ಚಿತ್ರವನ್ನು ‘ಸಂಗೀತ ಪ್ರಧಾನ’ ಪ್ರಕಾರಕ್ಕೆ ಸೇರಿಸಿದ ಪ್ರಬಂಧಗಳು ಬರುತ್ತವೆ. ಹಾಡು, ಹೊಡೆದಾಟ, ಹಾಸ್ಯದ ಉಪಕಥೆ ಇವು ನಮ್ಮಲ್ಲಿ ಹಲವು ಪ್ರಕಾರಗಳು ಹಂಚಿಕೊಂಡ ಅಂಗಗಳು. ಹಾಗೆಯೇ 1970ರ ದಶಕದ ‘ಹೊಸ ಅಲೆ’ ಒಂದು ಚಳವಳಿ, ಪ್ರಕಾರವಲ್ಲ.

ಆಮೇಲೆ ಅಮೆರಿಕದ ವಿದ್ವಾಂಸ ರಿಕ್ ಆಲ್ಟ್‌ಮನ್ 1984ರಲ್ಲಿ ಮಂಡಿಸಿದ ಎರಡು ನೆಲೆಗಳ ಪರೀಕ್ಷೆಯನ್ನು ನಡೆಸಿ. ಒಂದು ಘಟಕಗಳ ನೆಲೆ: ಸ್ಥಳ, ಉಡುಪು, ವಸ್ತುಗಳು, ಪಾತ್ರಗಳ ಬಗೆ. ಇನ್ನೊಂದು ರಚನೆಯ ನೆಲೆ: ಆ ಘಟಕಗಳ ನಡುವಿನ ಸಂಬಂಧ, ಸಂಘರ್ಷದ ಬಗೆ, ಅದು ಬಗೆಹರಿಯುವ ರೀತಿ. ಬಹುತೇಕರು ಘಟಕಗಳಲ್ಲೇ ನಿಂತುಬಿಡುತ್ತಾರೆ, ಮತ್ತು ಅಲ್ಲಿಯೇ ತಪ್ಪುತ್ತಾರೆ.

1972ರಲ್ಲಿ ಬಿಡುಗಡೆಯಾದ, ಸಿದ್ದಲಿಂಗಯ್ಯ ನಿರ್ದೇಶನದ ‘ಬಂಗಾರದ ಮನುಷ್ಯ’ವನ್ನೇ ತೆಗೆದುಕೊಳ್ಳಿ. ಘಟಕಗಳನ್ನು ನೋಡಿದರೆ ಹಳ್ಳಿ, ಬರಡು ನೆಲ, ಬೇಸಾಯ. ಆದ್ದರಿಂದ ‘ಗ್ರಾಮೀಣ ಚಿತ್ರ’ ಎಂದು ಬರೆದು, ‘ಇಲ್ಲಿ ರೈತನನ್ನು ತ್ಯಾಗಮಯಿಯಾಗಿ ಚಿತ್ರಿಸಲಾಗಿದೆ’ ಎಂದು ತೀರ್ಮಾನಿಸುವುದು ಸುಲಭ. ರಚನೆಯನ್ನು ನೋಡಿ. ಗಂಡನನ್ನು ಕಳೆದುಕೊಂಡ ಸೋದರಿಯ ಕುಟುಂಬದ ಹೊಣೆಯನ್ನು ನಾಯಕ ಹೊರುತ್ತಾನೆ, ಅವರನ್ನು ಮೇಲೆತ್ತುತ್ತಾನೆ, ಕೊನೆಗೆ ತನ್ನವರ ಮಾತಿನಿಂದ ನೊಂದು ಎಲ್ಲವನ್ನೂ ಬಿಟ್ಟು ಮನೆಯಿಂದ ಹೊರಟುಹೋಗುತ್ತಾನೆ. ಇದು ಕೌಟುಂಬಿಕ ಚಿತ್ರದ ರಚನೆ. ಮನೆಗಾಗಿ ಸವೆದು, ಮನೆಯವರಿಂದಲೇ ನೋಯುವ ಹಿರಿಯನ ಸ್ಥಾನ ಆ ಪ್ರಕಾರದಲ್ಲಿ ಗುಮಾಸ್ತನಿಗೂ ಮೇಷ್ಟ್ರಿಗೂ ಸಲ್ಲಬಲ್ಲದು. ಹಾಗಾದರೆ ತ್ಯಾಗವು ‘ರೈತ’ನ ಲಕ್ಷಣವಾಗಿ ಬಂದದ್ದಲ್ಲ, ‘ಮನೆಯ ಹಿರಿಯ’ನ ಲಕ್ಷಣವಾಗಿ ಬಂದದ್ದು. ರೈತನಿಗೇ ವಿಶಿಷ್ಟವಾಗಿ ಉಳಿಯುವುದು ಬೇರೆ: ಬರಡು ನೆಲವನ್ನು ಹಸನು ಮಾಡುವ ಛಲ ಮತ್ತು ಹೊಸ ಬೇಸಾಯ ವಿಧಾನಗಳಲ್ಲಿನ ನಂಬಿಕೆ. ಅವನ್ನು ದೇಶದಲ್ಲಿ ಹಸಿರು ಕ್ರಾಂತಿ ಹರಡುತ್ತಿದ್ದ ಆ ವರ್ಷಗಳ ಜೊತೆ ಇಟ್ಟು ಓದಬೇಕು. ಪ್ರಕಾರವನ್ನು ಮೊದಲು ಬಿಡಿಸಿಕೊಂಡದ್ದರಿಂದಲೇ ಈ ಎರಡು ಎಳೆಗಳು ಬೇರೆಯಾದವು.

ಕೊನೆಯದಾಗಿ ಹೋಲಿಕೆ. ಸಾಮಗ್ರಿಯಲ್ಲಿ ಹೇಳಿದ ನಾಲ್ಕೈದು ಪಠ್ಯಗಳನ್ನು ಈಗ ಹೊರತೆಗೆದು, ನಿಮ್ಮ ಪಠ್ಯ ಅವುಗಳಲ್ಲಿ ಯಾವುದನ್ನು ಪುನರಾವರ್ತಿಸಿದೆ, ಎಲ್ಲಿ ಮುರಿದಿದೆ ಎಂದು ಎರಡು ಪಟ್ಟಿ ಮಾಡಿ. ಪುನರಾವರ್ತನೆ ಮತ್ತು ವ್ಯತ್ಯಾಸ ಎರಡೂ ಸೇರಿಯೇ ಪ್ರಕಾರ ಜೀವಂತವಾಗಿರುತ್ತದೆ ಎಂದು ಚಲನಚಿತ್ರ ವಿದ್ವಾಂಸ ಸ್ಟೀವ್ ನೀಲ್ ವಾದಿಸಿದ್ದಾರೆ. ಪುನರಾವರ್ತನೆಯ ಪಟ್ಟಿಯಲ್ಲಿರುವುದು ಪ್ರಕಾರದ ಬಗ್ಗೆ ಹೇಳುತ್ತದೆ. ವ್ಯತ್ಯಾಸದ ಪಟ್ಟಿಯಲ್ಲಿರುವುದು ನಿಮ್ಮ ಪಠ್ಯದ ಬಗ್ಗೆ ಹೇಳುತ್ತದೆ. ವ್ಯತ್ಯಾಸದ ಪಟ್ಟಿ ಪೂರ್ತಿ ಖಾಲಿ ಉಳಿದರೆ ನಿಮ್ಮ ಪ್ರಶ್ನೆಯನ್ನು ಆ ಒಂದು ಧಾರಾವಾಹಿಗೆ ಕೇಳದೆ ಪ್ರಕಾರಕ್ಕೇ ಕೇಳುವುದು ನ್ಯಾಯ.

ಸುದ್ದಿಗೂ ಪ್ರಕಾರಗಳಿವೆ. ಮುಖ್ಯಾಂಶಗಳ ಬುಲೆಟಿನ್, ಸ್ಟುಡಿಯೋ ಚರ್ಚೆ, ಅಪರಾಧ ಕಾರ್ಯಕ್ರಮ, ಸ್ಥಳದಿಂದ ನೇರ ವರದಿ ಇವುಗಳ ರೂಢಿಗಳು ಬೇರೆ ಬೇರೆ. ಅಪರಾಧ ಕಾರ್ಯಕ್ರಮದ ನಾಟಕೀಯ ಮರುಸೃಷ್ಟಿಯನ್ನು ಬುಲೆಟಿನ್‌ನ ಅಳತೆಗೋಲಿನಿಂದ ಅಳೆದರೆ ತೀರ್ಮಾನ ತಪ್ಪುತ್ತದೆ.

ಹಂತ 5: ಪ್ರತಿನಿಧೀಕರಣವನ್ನು ಪರಿಶೀಲಿಸಿ

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದೇ. ಪಠ್ಯವನ್ನು ವಾಸ್ತವದ ಪಕ್ಕದಲ್ಲಿಟ್ಟು ‘ನಿಜ ಜೀವನದಲ್ಲಿ ಅತ್ತೆಯರು ಹೀಗಿರುವುದಿಲ್ಲ’ ಎಂದು ಬರೆಯುವುದು. ಸಂಸ್ಕೃತಿ ಅಧ್ಯಯನದ ವಿದ್ವಾಂಸ ಸ್ಟುವರ್ಟ್ ಹಾಲ್ ಅವರ ಬರಹಗಳು ಒತ್ತಿ ಹೇಳುವ ಸಂಗತಿ ಇದು: ಪ್ರತಿನಿಧೀಕರಣವು ಮೊದಲೇ ಸಿದ್ಧವಾಗಿರುವ ಅರ್ಥವನ್ನು ಪ್ರತಿಬಿಂಬಿಸುವುದಿಲ್ಲ, ಅರ್ಥವನ್ನು ಕಟ್ಟುವ ಕೆಲಸದಲ್ಲಿ ತಾನೇ ಪಾಲ್ಗೊಳ್ಳುತ್ತದೆ. ಆದ್ದರಿಂದ ‘ಇದು ನಿಜವೇ’ ಎಂಬುದರ ಬದಲು ‘ಸಾಧ್ಯವಿದ್ದ ಹಲವು ಆಯ್ಕೆಗಳಲ್ಲಿ ಇದನ್ನೇ ಏಕೆ ಆರಿಸಲಾಯಿತು, ಆ ಆಯ್ಕೆ ಯಾರನ್ನು ಎಲ್ಲಿ ನಿಲ್ಲಿಸುತ್ತದೆ’ ಎಂಬುದು ಸರಿಯಾದ ಪ್ರಶ್ನೆ.

ಮೊದಲು ಯಾರಿದ್ದಾರೆ, ಯಾರಿಲ್ಲ ಎಂದು ಎಣಿಸಿ. ಯಾವ ಗುಂಪಿನವರು ಎಷ್ಟು ಹೊತ್ತು ಪರದೆಯ ಮೇಲಿದ್ದಾರೆ, ಎಷ್ಟು ಹೊತ್ತು ಮಾತನಾಡಿದ್ದಾರೆ ಎಂಬ ಎರಡು ಅಂಕಿಗಳು ಬೇರೆ ಬೇರೆಯಾಗಿ ಬೇಕು, ಏಕೆಂದರೆ ಬಹಳ ಹೊತ್ತು ಕಾಣಿಸಿಕೊಂಡು ಒಂದು ಮಾತನ್ನೂ ಆಡದ ಪಾತ್ರಗಳಿರುತ್ತವೆ. ಸಮಾಜಶಾಸ್ತ್ರಜ್ಞೆ ಗೇ ಟಕ್‌ಮನ್ 1978ರಲ್ಲಿ ಮಹಿಳೆಯರ ವಿಷಯದಲ್ಲಿ ‘ಸಾಂಕೇತಿಕ ನಿರ್ಮೂಲನ’ವೆಂಬ ಪರಿಕಲ್ಪನೆಯನ್ನು ಚರ್ಚಿಸಿದ್ದು ಇಂಥ ಗೈರುಹಾಜರಿ ಮತ್ತು ಕಡೆಗಣನೆಯ ಬಗ್ಗೆಯೇ. ಇಬ್ಬರು ಹೆಸರುಳ್ಳ ಮಹಿಳೆಯರು ಗಂಡಸಿನ ವಿಷಯ ಬಿಟ್ಟು ಬೇರೇನನ್ನಾದರೂ ಮಾತನಾಡುತ್ತಾರೆಯೇ ಎಂದು ಕೇಳುವ ಬೆಕ್‌ಡೆಲ್ ಪರೀಕ್ಷೆ 1985ರ ಒಂದು ವ್ಯಂಗ್ಯಚಿತ್ರ ಸರಣಿಯಿಂದ ಬಂದದ್ದು. ಅದನ್ನು ಆರಂಭದ ಸೂಚನೆಯಾಗಿ ಬಳಸಿ, ತೀರ್ಪಾಗಿ ಬಳಸಬೇಡಿ. ನಮ್ಮ ಕೌಟುಂಬಿಕ ಧಾರಾವಾಹಿಯಲ್ಲಿ ಮಹಿಳೆಯರು ಅಡುಗೆ, ಒಡವೆ, ಪೂಜೆಗಳ ಬಗ್ಗೆ ಮಾತನಾಡಿದರೂ ಪರೀಕ್ಷೆ ದಾಟಿಬಿಡುತ್ತಾರೆ.

ಎರಡನೆಯದು ನೋಟ. ಚಲನಚಿತ್ರ ಸಿದ್ಧಾಂತಿ ಲಾರಾ ಮಲ್ವಿ 1975ರ ತಮ್ಮ ಪ್ರಬಂಧದಲ್ಲಿ ಕ್ಯಾಮೆರಾದ ನೋಟ, ಪಾತ್ರಗಳ ನೋಟ, ಪ್ರೇಕ್ಷಕರ ನೋಟ ಎಂಬ ಮೂರನ್ನು ಬೇರ್ಪಡಿಸಿದರು. ಅವರ ಹೆಸರನ್ನು ಉಲ್ಲೇಖಿಸಿ ‘ಇಲ್ಲಿ ಪುರುಷ ನೋಟವಿದೆ’, ಅಂದರೆ ಹೆಣ್ಣನ್ನು ಗಂಡಸಿನ ಕಣ್ಣಿನಿಂದ ನೋಡಲಾಗಿದೆ, ಎಂದಷ್ಟೇ ಬರೆದರೆ ವಿಶ್ಲೇಷಣೆಯಾಗುವುದಿಲ್ಲ. ನಾಯಕಿಯ ಮೊದಲ ಪ್ರವೇಶದ ದೃಶ್ಯವನ್ನು ತೆಗೆದುಕೊಂಡು, ಅವಳ ಚಿತ್ರಿಕೆಗೆ ಮುಂಚೆ ನೋಡುತ್ತಿರುವ ಯಾರ ಮುಖ ಬಂತು, ಚೌಕಟ್ಟಿನಲ್ಲಿ ಅವಳ ದೇಹದ ಯಾವ ಭಾಗ ಮೊದಲು ಕಂಡಿತು, ಅವಳು ತಿರುಗಿ ನೋಡಿದಾಗ ಅವಳ ಕಣ್ಣಿಗೆ ಕಂಡದ್ದನ್ನು ನಮಗೂ ತೋರಿಸಲಾಯಿತೇ ಎಂದು ದಾಖಲೆಯಿಂದ ತೆಗೆದು ಬರೆಯಿರಿ.

ಮೂರನೆಯದು ಭಾಷೆ. ಇಲ್ಲಿ ಕನ್ನಡ ಪಠ್ಯಗಳು ನಮಗೆ ಕೊಡುವ ಸಾಕ್ಷಿ ಬಹಳ ಶ್ರೀಮಂತವಾದದ್ದು, ಇಂಗ್ಲಿಷ್ ಪಠ್ಯಪುಸ್ತಕಗಳ ಮಾದರಿಯನ್ನೇ ಅನುಸರಿಸುವವರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಸುದ್ದಿಯಲ್ಲಿ ಏಕವಚನ ಯಾರಿಗೆ, ಬಹುವಚನ ಯಾರಿಗೆ ಎಂದು ಗುರುತಿಸಿ. ಸಚಿವರು ‘ಹೇಳಿದರು’, ಅಧಿಕಾರಿ ‘ತಿಳಿಸಿದ್ದಾರೆ’; ಬಂಧಿತನಾದ ಕೂಲಿಕಾರ ‘ಆತ’, ‘ಹೇಳಿದ್ದಾನೆ’. ಆರೋಪ ಇನ್ನೂ ಸಾಬೀತಾಗದ ಇಬ್ಬರಲ್ಲಿ ಒಬ್ಬರಿಗೆ ಬಹುವಚನವೂ ಇನ್ನೊಬ್ಬನಿಗೆ ಏಕವಚನವೂ ಸಂದಿದ್ದರೆ ಅದು ನಿಮ್ಮ ಪ್ರಬಂಧದ ಬಲವಾದ ಆಧಾರವಾಗುತ್ತದೆ. ಕ್ರಿಯಾಪದದಲ್ಲಿ ಕರ್ತೃ ಇದ್ದಾನೆಯೇ ಎಂದೂ ನೋಡಿ. ‘ಪೊಲೀಸರು ಲಾಠಿಯಿಂದ ಹೊಡೆದರು’ ಎಂಬುದಕ್ಕೂ ‘ಲಾಠಿ ಪ್ರಹಾರ ನಡೆಯಿತು’ ಎಂಬುದಕ್ಕೂ ಹೊಣೆಯ ವಿಷಯದಲ್ಲಿ ದೊಡ್ಡ ಅಂತರವಿದೆ.

ಚಿತ್ರ ಮತ್ತು ಧಾರಾವಾಹಿಗಳಲ್ಲಿ ಪ್ರಾದೇಶಿಕ ಕನ್ನಡದ ಬಳಕೆಯನ್ನು ಹೀಗೆಯೇ ಪರಿಶೀಲಿಸಬೇಕು. ನಾಯಕ, ನಾಯಕಿ ಬೆಂಗಳೂರು-ಮೈಸೂರು ಕಡೆಯ ಶಿಷ್ಟ ಮಾತನ್ನಾಡುತ್ತ, ಮನೆಗೆಲಸದವರು, ಕಾವಲುಗಾರರು, ಹಾಸ್ಯ ಪಾತ್ರಗಳು ಮಾತ್ರ ಧಾರವಾಡದ ಅಥವಾ ಕಲಬುರಗಿಯ ಮಾತನ್ನಾಡಿದರೆ, ಆ ಭಾಷೆಯನ್ನು ಒಂದು ವರ್ಗದ ಗುರುತಾಗಿ ಬಳಸಲಾಗಿದೆ. ನಗೆ ಹುಟ್ಟುವುದು ಆಡಿದ ವಿಷಯದಿಂದಲೋ, ‘ಹೌದ್ರೀ’ ಎಂಬ ಉಚ್ಚಾರದಿಂದಲೋ ಎಂದು ಬದಲಿ ಪರೀಕ್ಷೆ ಹಚ್ಚಿ ನೋಡಿ: ಅದೇ ಮಾತನ್ನು ಶಿಷ್ಟ ಕನ್ನಡದಲ್ಲಿ ಹೇಳಿಸಿದರೆ ನಗು ಉಳಿಯುತ್ತದೆಯೇ? ಆ ಪಾತ್ರದ ಯಾವುದಾದರೂ ನಿರ್ಧಾರದಿಂದ ಕಥೆ ಮುಂದುವರಿಯುತ್ತದೆಯೇ? ಇಡೀ ಚಿತ್ರವೇ ಮಂಡ್ಯದ ಅಥವಾ ಕುಂದಾಪುರದ ಮಾತಿನಲ್ಲಿದ್ದರೆ ಸ್ಥಿತಿ ಬೇರೆ. ಅಲ್ಲಿ ಎಲ್ಲರೂ ಅದನ್ನೇ ಆಡುವುದರಿಂದ ಆ ಮಾತು ಯಾರನ್ನೂ ಕೆಳಗಿಳಿಸುವ ಗುರುತಾಗಿರುವುದಿಲ್ಲ. ಪ್ರಾದೇಶಿಕ ಭಾಷೆ ಇದೆ ಎಂಬ ಒಂದೇ ಕಾರಣಕ್ಕೆ ಹೊಗಳುವುದೂ ತೆಗಳುವುದೂ ಎರಡೂ ಅವಸರದ ಮಾತು.

ನಾಲ್ಕನೆಯದು ಪಡಿಯಚ್ಚು (ಸ್ಟೀರಿಯೋಟೈಪ್), ಅಂದರೆ ಒಂದು ಗುಂಪಿನವರನ್ನೆಲ್ಲ ಒಂದೇ ಅಚ್ಚಿನಲ್ಲಿ ತೋರಿಸುವ ಸಿದ್ಧ ಮಾದರಿ. ಒಂದು ಪಾತ್ರವನ್ನು ಪಡಿಯಚ್ಚು ಎಂದು ಕರೆಯಬೇಕಾದರೆ ಅದು ಹಲವು ಪಠ್ಯಗಳಲ್ಲಿ ಮರುಕಳಿಸಿದೆ ಎಂದು ತೋರಿಸಬೇಕು, ಅಂದರೆ ನಾಲ್ಕನೆಯ ಹಂತದ ಪುನರಾವರ್ತನೆಯ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಇದಕ್ಕೆ ವಿರುದ್ಧವಾದ ಅವಸರವೂ ಉಂಟು: ಮಹಿಳಾ ಪೊಲೀಸ್ ಅಧಿಕಾರಿಯೊಬ್ಬಳು ಕಾಣಿಸಿಕೊಂಡ ಕೂಡಲೇ ‘ಸಕಾರಾತ್ಮಕ ಚಿತ್ರಣ’ ಎಂದು ಬರೆಯುವುದು. ಅವಳು ಸ್ವಂತ ನಿರ್ಧಾರ ಕೈಗೊಳ್ಳುತ್ತಾಳೆಯೇ, ಕೊನೆಯ ಸಂಕಟದಲ್ಲಿ ಅವಳನ್ನು ಬಿಡಿಸುವವರು ಯಾರು, ಸಮವಸ್ತ್ರದ ಹೊರಗೆ ಅವಳನ್ನು ಕ್ಯಾಮೆರಾ ಹೇಗೆ ನೋಡುತ್ತದೆ ಎಂದು ಪರಿಶೀಲಿಸಿದ ಮೇಲೆಯೇ ಆ ಮಾತು.

ಹಂತ 6: ಸಂಸ್ಥೆ ಮತ್ತು ಪ್ರೇಕ್ಷಕರನ್ನು ಜೋಡಿಸಿ

ಪಠ್ಯವನ್ನು ಯಾರು, ಯಾವ ವ್ಯವಸ್ಥೆಯೊಳಗೆ ತಯಾರಿಸಿದರು ಎಂಬ ಮಾಹಿತಿ ಬಹುಮಟ್ಟಿಗೆ ಪಠ್ಯದ ಮೇಲೆಯೇ ಇರುತ್ತದೆ. ಚಿತ್ರದ ಆರಂಭದಲ್ಲಿ ಬರುವ ಪ್ರಮಾಣಪತ್ರ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೊಟ್ಟದ್ದು. ಅದರಲ್ಲಿ ಶ್ರೇಣಿ ಮತ್ತು ಅವಧಿ ಇರುತ್ತವೆ. ಪತ್ರಿಕೆಯಲ್ಲಿ ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿರುತ್ತದೆ. ದೂರದರ್ಶನ ವಾಹಿನಿಗಳ ವೀಕ್ಷಣೆಯ ಅಳತೆಯನ್ನು ಬಾರ್ಕ್ (ಬ್ರಾಡ್‌ಕಾಸ್ಟ್ ಆಡಿಯನ್ಸ್ ರಿಸರ್ಚ್ ಕೌನ್ಸಿಲ್) ಸಂಸ್ಥೆ ಕೊಡುತ್ತದೆ, ಮತ್ತು ಜಾಹೀರಾತಿನ ದರ ಅದನ್ನು ಆಧರಿಸಿರುತ್ತದೆ. ಸಂಚಿಕೆಯ ನಡುವೆ ಯಾವ ವಸ್ತುಗಳ ಜಾಹೀರಾತು ಬಂತು ಎಂದು ಬರೆದುಕೊಂಡರೆ ವಾಹಿನಿ ಯಾವ ಪ್ರೇಕ್ಷಕರನ್ನು ಎಣಿಸಿಕೊಂಡಿದೆ ಎಂಬುದರ ಸುಳಿವು ಸಿಗುತ್ತದೆ.

ಆದರೆ ಸಂಸ್ಥೆಯ ಇತಿಹಾಸವನ್ನೆಲ್ಲ ತುಂಬಬೇಡಿ. ನಿಮ್ಮ ದಾಖಲೆಯಲ್ಲಿರುವ ಯಾವುದಾದರೂ ಸಂಗತಿಯನ್ನು ವಿವರಿಸಬಲ್ಲ ಮಾಹಿತಿಯನ್ನಷ್ಟೇ ಬಳಸಿ. ದಿನನಿತ್ಯ ಪ್ರಸಾರವಾಗುವ ಧಾರಾವಾಹಿಯನ್ನು ಬೇಗ ಬೇಗ, ಕೆಲವೇ ಸೆಟ್‌ಗಳಲ್ಲಿ ಚಿತ್ರೀಕರಿಸಬೇಕಾಗುತ್ತದೆ. ನಡುಮನೆ, ಅಡುಗೆಮನೆ, ದೇವರಕೋಣೆಗಳಲ್ಲೇ ಎಲ್ಲವೂ ನಡೆಯುವುದಕ್ಕೆ ಅದೂ ಒಂದು ಕಾರಣ. ‘ಮಹಿಳೆಯನ್ನು ನಾಲ್ಕು ಗೋಡೆಗಳೊಳಗೆ ಬಂಧಿಸಲಾಗಿದೆ’ ಎಂದು ಬರೆಯುವ ಮುನ್ನ, ಅದೇ ಧಾರಾವಾಹಿಯ ಗಂಡಸರೂ ಅದೇ ನಡುಮನೆಯಲ್ಲೇ ಇದ್ದಾರೆಯೇ ಎಂದು ನೋಡಿ. ಗಂಡಸರು ಕಚೇರಿಗೆ ಹೋಗಿ ಬಂದದ್ದನ್ನು ಮಾತಿನಲ್ಲಾದರೂ ಸೂಚಿಸಿ, ಹೆಂಗಸರಿಗೆ ಅದೂ ಇಲ್ಲವಾದರೆ, ಆಗ ನಿಮ್ಮ ವಾಕ್ಯಕ್ಕೆ ತೂಕ ಬರುತ್ತದೆ.

ಪ್ರೇಕ್ಷಕರ ವಿಷಯದಲ್ಲಿ ಹಾಲ್ ಅವರು 1973ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ಮಂಡಿಸಿದ ಮಾದರಿ ಇಂದಿಗೂ ಉಪಯುಕ್ತ. ಪಠ್ಯ ಕೊಡಬಯಸಿದ ಅರ್ಥವನ್ನು ಒಪ್ಪಿಕೊಳ್ಳುವ ಓದು, ಸ್ವಲ್ಪ ಒಪ್ಪಿ ಸ್ವಲ್ಪ ಬದಲಿಸಿಕೊಳ್ಳುವ ಓದು, ವಿರೋಧಿಸುವ ಓದು ಎಂಬ ಮೂರು ಸ್ಥಾನಗಳನ್ನು ಅವರು ಗುರುತಿಸಿದರು. ಪಠ್ಯ ವಿಶ್ಲೇಷಣೆಯಿಂದ ನೀವು ಹೇಳಬಹುದಾದದ್ದು ಪಠ್ಯವು ಯಾವ ಓದನ್ನು ಆಹ್ವಾನಿಸುತ್ತದೆ ಎಂಬುದನ್ನು ಮಾತ್ರ. ಜನ ಅದನ್ನು ಹೇಗೆ ಸ್ವೀಕರಿಸಿದರು ಎಂದು ಹೇಳಬೇಕಾದರೆ ಜನರನ್ನೇ ಕೇಳಬೇಕು. ‘ಬಂಗಾರದ ಮನುಷ್ಯ’ ನೋಡಿ ಓದಿದ ಯುವಕರು ಹಳ್ಳಿಗೆ ಮರಳಿದರು ಎಂಬ ಮಾತನ್ನು ಎಷ್ಟೋ ಪ್ರಬಂಧಗಳು ಚಿತ್ರದ ದೃಶ್ಯಗಳನ್ನೇ ಸಾಕ್ಷಿಯಾಗಿಟ್ಟು ಬರೆಯುತ್ತವೆ. ದೃಶ್ಯವು ಆಹ್ವಾನಕ್ಕೆ ಸಾಕ್ಷಿಯಾಗಬಲ್ಲದು. ಮರಳಿದ್ದಕ್ಕೆ ಸಾಕ್ಷಿ ಆ ಕಾಲದ ಸಂದರ್ಶನ, ಪತ್ರ, ವರದಿಗಳಲ್ಲಿರಬೇಕು. ಯೂಟ್ಯೂಬ್ ಪ್ರತಿಕ್ರಿಯೆಗಳನ್ನು ‘ಪ್ರೇಕ್ಷಕರ ಅಭಿಪ್ರಾಯ’ ಎಂದು ಕೊಡುವುದೂ ಇದೇ ಬಗೆಯ ತಪ್ಪು, ಬರೆಯುವವರು ನೋಡುವವರಲ್ಲಿ ಒಂದು ಸಣ್ಣ ಭಾಗ ಮಾತ್ರ.

ಹಂತ 7: ಬರವಣಿಗೆಗೆ ಕುಳಿತುಕೊಳ್ಳಿ

ಪ್ರತಿಯೊಂದು ಪರಿಚ್ಛೇದದಲ್ಲಿ ನಾಲ್ಕು ಸಂಗತಿಗಳಿರಲಿ: ನಿಮ್ಮ ಮಾತು, ಅದಕ್ಕೆ ದಾಖಲೆಯಿಂದ ವೇಳೆ ಸಹಿತ ಸಾಕ್ಷಿ, ಪ್ರಕಾರದ ರೂಢಿಯ ಜೊತೆ ಹೋಲಿಕೆ, ಮತ್ತು ಆ ಮಾತಿನ ಮಿತಿ. ಒಂದು ಕಲ್ಪಿತ ಧಾರಾವಾಹಿಯ ಉದಾಹರಣೆಯಿಂದ ವ್ಯತ್ಯಾಸ ನೋಡಿ.

ಮೊದಲ ಬಗೆ: ‘ಈ ಧಾರಾವಾಹಿಯಲ್ಲಿ ಮನೆಗೆಲಸದಾಕೆಯನ್ನು ಬಹಳ ಕೀಳಾಗಿ ತೋರಿಸಲಾಗಿದೆ. ಇದು ಸಮಾಜಕ್ಕೆ ತಪ್ಪು ಸಂದೇಶ ನೀಡುತ್ತದೆ.’

ಎರಡನೆಯ ಬಗೆ: ‘ಆಯ್ದ ಐದು ಸಂಚಿಕೆಗಳಲ್ಲಿ ಮನೆಗೆಲಸದಾಕೆ ಹನ್ನೊಂದು ದೃಶ್ಯಗಳಲ್ಲಿದ್ದಾಳೆ, ಮಾತನಾಡುವುದು ಮೂರರಲ್ಲಿ ಮಾತ್ರ. ಆ ಮೂರೂ ಕಡೆ ಅವಳ ಮಾತಿನ ಹಿಂದೆಯೇ ಹಾಸ್ಯದ ಹಿನ್ನೆಲೆ ಸದ್ದು ಬರುತ್ತದೆ (ಎರಡನೆಯ ಸಂಚಿಕೆ, 7 ನಿಮಿಷ 40 ಸೆಕೆಂಡ್ ಇತ್ಯಾದಿ). ಅವಳಿಗೆ ಕ್ಲೋಸಪ್ ಒಂದೂ ಇಲ್ಲ. ಹೋಲಿಕೆಗೆ ತೆಗೆದುಕೊಂಡ ನಾಲ್ಕು ಧಾರಾವಾಹಿಗಳಲ್ಲೂ ಮನೆಗೆಲಸದವರು ಹಾಸ್ಯದ ಸ್ಥಾನದಲ್ಲಿದ್ದಾರೆ. ಆದರೆ ಅವುಗಳಲ್ಲಿ ಎರಡು, ಆ ಪಾತ್ರಕ್ಕೆ ರಹಸ್ಯ ಬಯಲು ಮಾಡುವ ಕೆಲಸವನ್ನಾದರೂ ಕೊಟ್ಟಿವೆ. ಇಲ್ಲಿ ಅದೂ ಇಲ್ಲ. ಈ ಮಾತು ಮೊದಲ ವಾರದ ಸಂಚಿಕೆಗಳಿಗೆ ಮಾತ್ರ ಅನ್ವಯಿಸುತ್ತದೆ.’

ಎರಡನೆಯದರಲ್ಲಿ ‘ಕೀಳು’ ಎಂಬ ಪದವೇ ಇಲ್ಲ, ಆದರೂ ಓದುಗರು ಆ ತೀರ್ಮಾನಕ್ಕೆ ತಾವೇ ಬರುತ್ತಾರೆ, ಬರದಿದ್ದರೂ ನಿಮ್ಮ ಜೊತೆ ವಾದಿಸಲು ಅವರಿಗೆ ನೆಲೆ ಸಿಗುತ್ತದೆ.

ದಾರಿ ತಪ್ಪಿದ್ದರ ಲಕ್ಷಣಗಳು

ಕರಡು ಸಿದ್ಧವಾದ ಮೇಲೆ ಕೆಲವು ಗುರುತುಗಳನ್ನು ಹುಡುಕಿ. ಸತತ ಎರಡು ಪುಟಗಳಲ್ಲಿ ಒಂದೂ ವೇಳೆಯ ಉಲ್ಲೇಖವಾಗಲಿ, ನಕಲು ಮಾಡಿದ ಮಾತಾಗಲಿ ಇಲ್ಲದಿದ್ದರೆ ಅಲ್ಲಿ ನೀವು ಕಥೆ ಹೇಳುತ್ತಿದ್ದೀರಿ ಅಥವಾ ಭಾಷಣ ಮಾಡುತ್ತಿದ್ದೀರಿ. ಒಬ್ಬ ಸಿದ್ಧಾಂತಿಯ ಹೆಸರನ್ನು ಅಳಿಸಿದರೂ ಪರಿಚ್ಛೇದಕ್ಕೆ ಏನೂ ಕೊರತೆಯಾಗದಿದ್ದರೆ ಆ ಹೆಸರು ಅಲಂಕಾರಕ್ಕೆ ಬಂದದ್ದು, ತೆಗೆದುಬಿಡಿ. ‘ಸಮಾಜದ ಮೇಲೆ ಕೆಟ್ಟ ಪರಿಣಾಮ’ ಎಂಬ ಮಾತು ಬಂದಲ್ಲೆಲ್ಲ ಯಾರ ಮೇಲೆ, ಹೇಗೆ ತಿಳಿಯಿತು ಎಂದು ಬದಿಯಲ್ಲಿ ಬರೆದು, ಉತ್ತರವಿಲ್ಲದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ. ನಿಮ್ಮ ತೀರ್ಮಾನ ನೀವು ಪಠ್ಯವನ್ನು ನೋಡುವ ಮೊದಲು ಅಂದುಕೊಂಡದ್ದಕ್ಕೆ ಅಕ್ಷರಶಃ ಹೊಂದಿಕೊಂಡಿದ್ದರೆ, ದಾಖಲೆಯಲ್ಲಿ ಅದಕ್ಕೆ ವಿರುದ್ಧವಾದ ಮೂರು ಸಾಲುಗಳನ್ನಾದರೂ ಹುಡುಕಿ, ಅವನ್ನೂ ಪ್ರಬಂಧದಲ್ಲಿ ಸೇರಿಸಿ ವಿವರಿಸಿ.

ಸಿದ್ಧಾಂತದ ಅಧ್ಯಾಯವನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ, ಮತ್ತು ವಿಶ್ಲೇಷಣೆಯಲ್ಲಿ ನಿಜವಾಗಿ ಬಳಸಿದ ಪರಿಕಲ್ಪನೆಗಳನ್ನಷ್ಟೇ ಅದರಲ್ಲಿ ಇಡಿ. ದಾಖಲೆಯ ಕೋಷ್ಟಕವನ್ನು ಅನುಬಂಧವಾಗಿ ಪೂರ್ತಿಯಾಗಿ ಲಗತ್ತಿಸಿ. ಸಲ್ಲಿಸುವ ಮೊದಲು ಅದರ ಹತ್ತು ಸಾಲುಗಳನ್ನು ಸಹಪಾಠಿಯೊಬ್ಬರಿಗೆ ಕೊಟ್ಟು, ಪಠ್ಯವನ್ನು ನೋಡಿ ಸರಿಯಿದೆಯೇ ಎಂದು ಪರಿಶೀಲಿಸಲು ಹೇಳಿ.